‘ಅರ್ಥ ಆಯ್ತಾ?’ ಎಂದು ಕೇಳುವ ಯುವ ವೈದ್ಯರಿಗೆ

ಹೌಸ್ ಸರ್ಜನ್ನರೇ, ಕಡ್ಡಾಯ ಗ್ರಾಮೀಣ ಸೇವೆಗೆ ಹೊರಟವರೇ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಓಪಿಡಿಯಲ್ಲಿ ಈಗಷ್ಟೇ ಕೂತಿರುವ ಕಿರಿಯ ವೈದ್ಯರೇ,

ಚೀಟಿ ಬರೆದು ಮುಗಿಸಿ, ಮಾತ್ರೆಗಳ ಲೆಕ್ಕ ಹೇಳಿ, ಮುಂದಿನವರನ್ನು ಕರೆಯುವ ಮೊದಲು ನೀವು ಒಂದು ಮಾತು ಕೇಳುತ್ತೀರಿ: ‘ಅರ್ಥ ಆಯ್ತಾ?’ ಎದುರಿಗಿದ್ದವರು ‘ಹ್ಞೂಂ ಸಾರ್’ ಅನ್ನುತ್ತಾರೆ. ಆ ಹ್ಞೂಂ ಎಂಬುದಕ್ಕೆ ನಮ್ಮ ನಾಡಿನಲ್ಲಿ ಎಷ್ಟು ಅರ್ಥಗಳಿವೆ ಎಂದು ಎಣಿಸಿ ನೋಡಿ. ನೀವು ಮಾತಾಡಿದ್ದು ಕಿವಿಗೆ ಬಿತ್ತು ಎಂಬುದು ಒಂದು. ಬೈಯಬೇಡಿ ಎಂಬುದು ಇನ್ನೊಂದು. ಹಿಂದೆ ಜನ ನಿಂತಿದ್ದಾರೆ, ಎರಡೂವರೆ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ ಎಂಬುದು ಮತ್ತೊಂದು. ದೊಡ್ಡವರ ಎದುರು ಇಲ್ಲ ಅನ್ನಬಾರದು ಎಂದು ಹುಟ್ಟಿದಾಗಿನಿಂದ ಕಲಿತ ಪಾಠವೂ ಅದರಲ್ಲಿದೆ. ‘ನೀವು ಹೇಳಿದ್ದು ನನಗೆ ತಿಳಿಯಿತು’ ಎಂಬ ಅರ್ಥ ಕೆಲವೊಮ್ಮೆ ಇರುತ್ತದೆ, ಅಷ್ಟೆ. ಹಾಗಿರುವಾಗ ಆ ಹ್ಞೂಂ ನಂಬಿ ಮುಂದಿನವರನ್ನು ಕರೆಯುವುದು ನಾಡಿ ಮುಟ್ಟದೆ ನಾಡಿ ಬರೆದುಕೊಂಡ ಹಾಗೆ. ನನ್ನ ತಕರಾರು ಇಷ್ಟೆ: ಕುರ್ಚಿಯಲ್ಲಿ ಕೂತವರ ಮಾತು ಸ್ಟೂಲಿನ ಮೇಲೆ ಕೂತವರಿಗೆ ತಲುಪಿತೋ ಇಲ್ಲವೋ ಎಂದು ಪರೀಕ್ಷಿಸುವ ಹೊಣೆ ಕುರ್ಚಿಯದು. ಆ ಹೊಣೆಯನ್ನು ಬಿಟ್ಟರೆ ಚಿಕಿತ್ಸೆ ಕೆಡುತ್ತದೆ ಮಾತ್ರವಲ್ಲ, ನ್ಯಾಯವೂ ತಪ್ಪುತ್ತದೆ.

‘ನನಗೆ ಕನ್ನಡ ಬರುತ್ತದಲ್ಲ’ ಎಂದು ನಿಮ್ಮಲ್ಲಿ ಅರ್ಧ ಜನ ಈಗಲೇ ಅಂದುಕೊಂಡಿರುತ್ತೀರಿ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸಂವಹನದ ತರಬೇತಿ ಸೇರಿದೆ, ಹೊರರಾಜ್ಯದವರಿಗೆ ಸ್ಥಳೀಯ ಭಾಷೆ ಕಲಿಸುವ ಏರ್ಪಾಡೂ ಇದೆ. ಒಳ್ಳೆಯದೇ. ಆದರೆ ಯಾವ ಕನ್ನಡ? ಮೈಸೂರಿನ ಕಡೆ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಕೊಪ್ಪಳಕ್ಕೋ ವಿಜಯಪುರಕ್ಕೋ ಡ್ಯೂಟಿಗೆ ಹೋದಳು ಅನ್ನಿ. ತಾಯಿ ಮಗುವನ್ನು ಎತ್ತಿಕೊಂಡು ಬಂದು ‘ಮೂರು ದಿನದಿಂದ ಉರಿ ಬಂದಾವ್ರಿ’ ಅನ್ನುತ್ತಾಳೆ. ಹೇಳಿದ್ದು ಜ್ವರದ ವಿಷಯ. ದಕ್ಷಿಣದವಳ ಕಿವಿಗೆ ಉರಿ ಎಂದರೆ ಎದೆ ಉರಿ, ಕಣ್ಣು ಉರಿ, ಉರಿಮೂತ್ರ. ‘ಹೊಟ್ಟಿ ಕಡ್ಯಾಕತ್ತೈತಿ’ ಅಂದರೆ ಕರುಳು ಹಿಂಡುವ ನೋವು. ಆದರೆ ಕಡಿತ ಎಂದ ಕೂಡಲೇ ಹಳೇ ಮೈಸೂರಿನ ಕೈ ಚರ್ಮದ ಮುಲಾಮಿನ ಕಡೆಗೆ ಹೋಗುತ್ತದೆ. ಬೆಂಗಳೂರಿನ ಮಾತಿನಲ್ಲಿ ಬೇನೆ ಎಂದರೆ ಬಹುಪಾಲು ಹೆರಿಗೆಯ ಬೇನೆ, ಉತ್ತರಕ್ಕೆ ಹೋದರೆ ತಲಿಬ್ಯಾನಿ, ಹೊಟ್ಟಿಬ್ಯಾನಿ ಎಲ್ಲವೂ ಬ್ಯಾನಿಯೇ. ಇನ್ನು ‘ನರ’ ಎಂಬ ಪದವಂತೂ ಇಡೀ ರಾಜ್ಯಕ್ಕೆ ಬಲೆ ಬೀಸಿ ಕೂತಿದೆ. ಪಠ್ಯಪುಸ್ತಕದಲ್ಲಿ ಅದು ಮಿದುಳಿನ ತಂತಿ. ಡ್ರಿಪ್ ಹಾಕಲು ಬಂದ ನರ್ಸ್ ‘ನರ ಸಿಗ್ತಿಲ್ಲ’ ಅಂದಾಗ ಅದು ರಕ್ತನಾಳ. ಗದ್ದೆ ಕೆಲಸದವರು ‘ಮೊಣಕಾಲ ಹಿಂದಿನ ನರ ಎಳೀತದೆ’ ಅಂದಾಗ ಅದು ಸ್ನಾಯುವಿನ ತುದಿಯ ಕಟ್ಟು. ‘ನಿಮ್ಮ ಮಗನಿಗೆ ನರದ ತೊಂದರೆ’ ಎಂದು ನೀವು ಹೇಳಿ ಕಳಿಸಿದಿರಿ ಅನ್ನಿ, ಆ ತಂದೆ ಮನೆಗೆ ಒಯ್ದದ್ದು ಈ ಮೂರರಲ್ಲಿ ಯಾವುದನ್ನು?

ಗೊತ್ತಿಲ್ಲದ ಭಾಷೆಗಿಂತ ಗೊತ್ತಿದೆ ಅಂದುಕೊಂಡ ಭಾಷೆ ಹೆಚ್ಚು ಅಪಾಯಕಾರಿ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಪ್ರಕರಣವೊಂದನ್ನು ಈ ವಿಷಯ ಕಲಿಸುವವರು ಇಂದಿಗೂ ಹೇಳುತ್ತಾರೆ. ಕ್ಯೂಬಾ ಮೂಲದ ಕುಟುಂಬವೊಂದು ಪ್ರಜ್ಞೆ ತಪ್ಪಿದ 18 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದಿತು. ಮನೆಯವರು ಸ್ಪ್ಯಾನಿಷ್‌ನಲ್ಲಿ ‘ಇಂಟಾಕ್ಸಿಕಾಡೊ’ ಅಂದರು. ಅವರ ಆಡುಮಾತಿನಲ್ಲಿ ತಿಂದದ್ದೋ ಕುಡಿದದ್ದೋ ಮೈಗಾಗಲಿಲ್ಲ ಎಂದು ಅದರ ಅರ್ಥ. ಇಂಗ್ಲಿಷಿನ ಕಿವಿಗೆ ಅದು ಅಮಲೇರಿದವನು ಎಂದು ಕೇಳಿಸಿತು. ಮಾದಕವಸ್ತು ಸೇವಿಸಿದವನೆಂದು ಚಿಕಿತ್ಸೆ ನಡೆಯಿತು. ನಿಜಕ್ಕೂ ಆಗಿದ್ದದ್ದು ಮಿದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ಹುಡುಗನ ಎರಡೂ ಕೈ ಎರಡೂ ಕಾಲು ಸ್ವಾಧೀನ ಕಳೆದುಕೊಂಡಿದ್ದವು. ನಂತರ ಆದ ರಾಜಿಯಲ್ಲಿ ಅವನ ಜೀವಮಾನಕ್ಕೆ ಲೆಕ್ಕ ಹಾಕಿದ ಪರಿಹಾರ ಸುಮಾರು 7.1 ಕೋಟಿ ಡಾಲರ್. ದುಡ್ಡಿನ ಮೊತ್ತ ಹಾಗಿರಲಿ. ನನ್ನನ್ನು ಕಾಡುವುದು ಬೇರೆ ಸಂಗತಿ: ಅಲ್ಲಿ ಯಾರೂ ದುಭಾಷಿಯನ್ನು ಕರೆಸಲಿಲ್ಲ. ಎರಡೂ ಕಡೆಯವರು ತಮ್ಮ ಮಾತು ತಿಳಿಯುತ್ತಿದೆ ಎಂದೇ ನಂಬಿದ್ದರು.

ಕರೆಸಿದರೂ ಯಾರನ್ನು ಕರೆಸುತ್ತೇವೆ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ಆಸ್ಪತ್ರೆಗೆ ಒಡಿಶಾ, ಬಂಗಾಳಗಳ ಕಟ್ಟಡ ಕಾರ್ಮಿಕರು ಬರುತ್ತಾರೆ. ಬೆಳಗಾವಿಯಲ್ಲಿ ಮರಾಠಿ, ಬಳ್ಳಾರಿ ಕೋಲಾರಗಳಲ್ಲಿ ತೆಲುಗು, ಬೀದರಿನಲ್ಲಿ ಉರ್ದು, ಮಂಗಳೂರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ತಾಂಡಾಗಳಲ್ಲಿ ಲಂಬಾಣಿ. ಆಗೆಲ್ಲ ಸಿಕ್ಕವರೇ ದುಭಾಷಿ: ಸೆಕ್ಯುರಿಟಿಯವನು, ಆಯಾ, ಪಕ್ಕದ ಬೆಡ್ಡಿನವರ ನೆಂಟ, ಇಲ್ಲವೇ ಶಾಲೆಗೆ ಹೋಗುವ ಹತ್ತು ವರ್ಷದ ಮಗ. 2003ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಮಕ್ಕಳ ಕ್ಲಿನಿಕ್ಕಿನಲ್ಲಿ ದುಭಾಷಿಗಳಿದ್ದ 13 ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿತು. ಸಿಕ್ಕ ತಪ್ಪುಗಳು 396, ಅಂದರೆ ಒಂದು ಭೇಟಿಗೆ ಸರಾಸರಿ 30ಕ್ಕೂ ಹೆಚ್ಚು. ಅವುಗಳಲ್ಲಿ ಶೇಕಡಾ 63 ತಪ್ಪುಗಳು ಚಿಕಿತ್ಸೆಯನ್ನೇ ಕೆಡಿಸಬಲ್ಲಂಥವು, ಮತ್ತು ಅಂಥ ತಪ್ಪಿನ ಪ್ರಮಾಣ ತರಬೇತಿಯಿಲ್ಲದ ಸಿಕ್ಕವರಲ್ಲಿ ಹೆಚ್ಚು. ನಮ್ಮಲ್ಲಿ ಇದಕ್ಕೆ ಇನ್ನೂ ಒಂದು ಸೇರುತ್ತದೆ. ಹೆಂಡತಿಯ ಮುಟ್ಟಿನ ವಿಚಾರವನ್ನು ಗಂಡ ಹೇಳಬೇಕು, ತಾಯಿಯ ಬಿಳಿ ಸೆರಗನ್ನು ಮಗ ಅನುವಾದಿಸಬೇಕು ಎಂದರೆ ಆ ವಿಷಯ ನಿಮ್ಮ ಮೇಜಿಗೆ ಬರುವುದೇ ಇಲ್ಲ. ಹೊಡೆದವನೇ ದುಭಾಷಿಯಾಗಿ ಪಕ್ಕದಲ್ಲಿ ನಿಂತಿದ್ದರೆ ‘ಮೆಟ್ಟಿಲಿಂದ ಬಿದ್ದಳು’ ಎಂಬುದೇ ಕೇಸ್ ಶೀಟಿನಲ್ಲಿ ಉಳಿಯುತ್ತದೆ.

ಇಷ್ಟು ಪದಗಳ ಮಾತಾಯಿತು. ಪದದ ಹಿಂದೆ ಒಂದು ವಿವರಣೆ ಇರುತ್ತದೆ. ಹಾರ್ವರ್ಡಿನ ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ತಮ್ಮ ಸಹೋದ್ಯೋಗಿಗಳ ಜೊತೆ ಬರೆದ ಲೇಖನದಲ್ಲಿ ವೈದ್ಯರಿಗೆ ಕೆಲವು ಸರಳ ಪ್ರಶ್ನೆಗಳನ್ನು ಕೊಟ್ಟರು. ಅವುಗಳ ತಿರುಳು: ಇದಕ್ಕೆ ನೀವು ಏನಂತೀರಿ, ಯಾಕೆ ಬಂತು ಅಂತ ನಿಮಗೆ ಅನಿಸುತ್ತೆ, ಇದರಲ್ಲಿ ನಿಮಗೆ ಯಾವುದರ ಭಯ? ನಮ್ಮ ಓಪಿಡಿಯಲ್ಲಿ ಈ ಪ್ರಶ್ನೆ ಕೇಳಿದರೆ ‘ನಂಜು’ ಎಂಬ ಉತ್ತರ ಬಂದೀತು. ನಂಜಿಗೆ ನಿಮ್ಮ ಪುಸ್ತಕದಲ್ಲಿ ಹೆಸರಿಲ್ಲ. ಆದರೆ ಹೊಲಿಗೆ ಹಾಕಿಸಿಕೊಂಡ ಮನುಷ್ಯ ಮನೆಯಲ್ಲಿ ಬದನೆಕಾಯಿ ತಿನ್ನುವುದಿಲ್ಲ, ಬಾಣಂತಿಗೆ ಹಲವು ಮನೆಗಳಲ್ಲಿ ನೀರನ್ನೂ ಅಳೆದು ಕೊಡುತ್ತಾರೆ. ‘ಪೌಷ್ಟಿಕ ಆಹಾರ ಕೊಡಿ’ ಎಂಬ ನಿಮ್ಮ ಮಾತು ಆ ಮನೆಯ ಪಥ್ಯದ ಪಟ್ಟಿಯೊಳಗೆ ಹೋಗಿ ಕೂರುತ್ತದೆಯೇ ಹೊರತು ಪಟ್ಟಿಯನ್ನು ಅಳಿಸುವುದಿಲ್ಲ. ಪಟ್ಟಿ ಯಾವುದೆಂದು ಕೇಳಿಕೊಂಡರೆ, ಅದರೊಳಗೇ ಏನು ಕೊಡಬಹುದು ಎಂದು ಹೇಳಲು ಬರುತ್ತದೆ. ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಯಲ್ಲಿ ‘ಇದರಲ್ಲಿ ರೋಗನಿರೋಧಕ ಶಕ್ತಿ ಇದೆ’ ಅಂದರೆ ಅಜ್ಜಿ ತಲೆ ಆಡಿಸಿ ಚೆಲ್ಲುತ್ತಾಳೆ. ಅದೇ ಅಜ್ಜಿ ಹಟ್ಟಿಯಲ್ಲಿ ಹುಟ್ಟಿದ ಕರುವಿಗೆ ಗಿಣ್ಣು ಕುಡಿಸದೆ ಬಿಡುವವಳಲ್ಲ. ಕರುವಿಗೆ ಗಿಣ್ಣು ಬೇಡವೇನಜ್ಜಿ ಎಂದು ಕೇಳಿದರೆ ವಾದ ಅರ್ಧ ಮುಗಿದ ಹಾಗೆ. ಕನ್ನಡದಲ್ಲಿ ಈ ಕೆಲಸಕ್ಕೆ ಪರಂಪರೆಯೇ ಇದೆ. ವೈದ್ಯೆ ಅನುಪಮಾ ನಿರಂಜನ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಬರೆದದ್ದು ಓದುವ ಹೆಂಗಸರಿಗಾಗಿ, ತಮ್ಮ ಸಹೋದ್ಯೋಗಿ ವೈದ್ಯರಿಗಾಗಿ ಅಲ್ಲ.

ಇಲ್ಲಿಗೆ ಬಂದು ಒಂದು ಎಚ್ಚರ ಹೇಳದಿದ್ದರೆ ಈ ಪತ್ರ ಬರೀ ಮಾರಾಟದ ಪಾಠವಾಗುತ್ತದೆ. ಎದುರಿನವರ ಮಾತು, ಭಯ, ನಂಬಿಕೆ ಎಲ್ಲ ಚೆನ್ನಾಗಿ ಬಲ್ಲವರು ಒಳ್ಳೆಯ ವೈದ್ಯರೇ ಆಗಬೇಕೆಂದಿಲ್ಲ. ಕೆಲವು ವರ್ಷಗಳ ಹಿಂದೆ ಕಲಬುರಗಿಯಲ್ಲಿ ಲಂಬಾಣಿ ಹೆಂಗಸರು ಬೀದಿಗಿಳಿದದ್ದು ನೆನಪಿರಬಹುದು. ಸೊಂಟನೋವು, ಹೊಟ್ಟೆನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರ ಗರ್ಭಕೋಶಗಳನ್ನೇ ತೆಗೆದಿದ್ದರು. ಅವರಲ್ಲಿ ಅನೇಕರು ಇನ್ನೂ ಚಿಕ್ಕ ವಯಸ್ಸಿನವರು. ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು. ಆ ಹೆಂಗಸರು ಹೇಳಿದ್ದನ್ನು ಗಮನಿಸಿ: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರಂತೆ. ಸಂವಹನ ಎಂದರೆ ಮಾತು ಗುರಿ ಮುಟ್ಟಿಸುವುದು ಎಂದಷ್ಟೇ ಹೇಳುವುದಾದರೆ ಆ ಆಸ್ಪತ್ರೆಗಳಿಗಿಂತ ಸಮರ್ಥರು ಯಾರಿದ್ದಾರೆ? ಒಂದೇ ಪದ, ಅದೂ ತಾಂಡಾದವರೆಗೆ ಅನುವಾದ ಬೇಡದ ಪದ. ಸಾಲ ಮಾಡಿ ದುಡ್ಡು ತಂದು ಸಹಿ ಹಾಕುವಷ್ಟು ಪರಿಣಾಮಕಾರಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಲು ಎಲ್ಲ ರಾಜ್ಯಗಳಿಗೆ ಹೇಳಿತು. ಹಾಗಾಗಿ ಜಾಣ್ಮೆಯೊಂದನ್ನೇ ಕಲಿಯಿರಿ ಎನ್ನಲು ನನಗೆ ಧೈರ್ಯವಿಲ್ಲ. ನೀವು ಹೇಳಿದ್ದನ್ನು ತಿಳಿದುಕೊಂಡ ಮೇಲೆ ‘ಬೇಡ’ ಅನ್ನಲು ಆ ಹೆಂಗಸಿಗೆ ಜಾಗ ಉಳಿದಿತ್ತೇ? ನೈತಿಕತೆ ಆ ಜಾಗದಲ್ಲಿದೆ.

ಸಹಿಯ ಮಾತು ಬಂತಲ್ಲ, ಒಪ್ಪಿಗೆ ಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಿ. ಬಹುತೇಕ ಎಲ್ಲದರಲ್ಲೂ ‘ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬರ್ಥದ ಒಂದು ಸಾಲಿರುತ್ತದೆ. ಆ ಸಾಲು ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದದ್ದು. ಅಂದರೆ ರೋಗಿ ಆಸ್ಪತ್ರೆಯ ಗೇಟು ದಾಟುವ ಮೊದಲೇ, ನೀವು ಬಾಯಿ ತೆರೆಯುವ ಮೊದಲೇ, ಅವರಿಗೆ ತಿಳಿದಿದೆ ಎಂದು ತೀರ್ಮಾನವಾಗಿದೆ. ಅದರ ಕೆಳಗೆ ‘ಅರಿವಳಿಕೆ’. ಸುಂದರ ಪದ, ನಿಜ. ಆದರೆ ವಾರ್ಡಿನಲ್ಲಿ ಯಾರೂ ಆಡದ ಪದ. ‘ಮತ್ತು ಬರೋ ಇಂಜೆಕ್ಷನ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಕೊನೆಗೆ ಹೆಬ್ಬೆಟ್ಟಿನ ನೀಲಿ ಗುರುತು, ಪಕ್ಕದಲ್ಲಿ ಗಂಡನ ಸಹಿ. ಇಂಥ ಬದಲಿ ಒಪ್ಪಿಗೆಯ ಬಗ್ಗೆ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ದಿಲ್ಲಿಯ 44 ವರ್ಷದ ಅವಿವಾಹಿತೆಯ ಪ್ರಕರಣದಲ್ಲಿ. ಆಕೆ ಬರೇ ಪರೀಕ್ಷೆಗೆಂದು ಒಪ್ಪಿ ಮಲಗಿದ್ದರು. ಮತ್ತಿನಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದಿದ್ದರು. ವಯಸ್ಕ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಹಿಗ್ಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಏನು ಮಾಡುತ್ತಾರೆ, ಬೇರೆ ದಾರಿ ಇದೆಯೇ, ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ ಎಂಬಷ್ಟಾದರೂ ರೋಗಿಗೆ ತಿಳಿದಿರಬೇಕು ಎಂದಿತು.

ಈಗ ನಿಮ್ಮ ಆಕ್ಷೇಪಗಳು. ಮೊದಲನೆಯದು, ನ್ಯಾಯವಾದದ್ದೇ: ಸಮಯ ಎಲ್ಲಿದೆ? 67 ದೇಶಗಳ ಲೆಕ್ಕ ಹಾಕಿದ 2017ರ ಅಧ್ಯಯನವೊಂದರ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಭಾರತದಲ್ಲಿ ಸರಾಸರಿ ಎರಡು ನಿಮಿಷದ ಆಸುಪಾಸು, ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ. ಬೆಳಿಗ್ಗೆ ಒಂಬತ್ತಕ್ಕೆ ನೂರಾರು ಚೀಟಿಗಳು ಮೇಜಿನ ಮೇಲೆ ಬಿದ್ದಿರುವಾಗ ಉಪದೇಶ ಕೇಳಲು ಯಾರಿಗೂ ಮನಸ್ಸಾಗದು. ಹೆಚ್ಚು ವೈದ್ಯರನ್ನು ನೇಮಿಸಬೇಕಾದದ್ದು ಸರ್ಕಾರ, ಅದನ್ನು ನಿಮ್ಮ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಸಮಯ ಎಲ್ಲಿ ಸೋರುತ್ತಿದೆ ಎಂದೂ ನೋಡಬೇಕು. 1984ರ ಒಂದು ಪ್ರಸಿದ್ಧ ಅಮೆರಿಕನ್ ಅಧ್ಯಯನದಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿಗೆ ತುಂಡರಿಸಿದ್ದರು. ಪೂರ್ತಿ ಹೇಳಲು ಬಿಟ್ಟ ರೋಗಿಗಳಲ್ಲಿ ಯಾರೂ ಎರಡೂವರೆ ನಿಮಿಷ ದಾಟಲಿಲ್ಲ, ಬಹುಪಾಲು ಜನ ಒಂದು ನಿಮಿಷದೊಳಗೇ ಮುಗಿಸಿದರು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಶುಗರ್ ಇದ್ದವರ ಭೇಟಿಗಳನ್ನು ಧ್ವನಿಮುದ್ರಿಸಿಕೊಂಡು ನೋಡಿದರು. ಹೊಸದಾಗಿ ಹೇಳಿದ ಸಂಗತಿಗಳಲ್ಲಿ ಶೇಕಡಾ 12 ಮಾತ್ರ ರೋಗಿಗೆ ತಿಳಿಯಿತೇ ಎಂದು ವೈದ್ಯರು ಪರೀಕ್ಷಿಸಿದ್ದರು. ಹಾಗೆ ಪರೀಕ್ಷಿಸಿದ ವೈದ್ಯರ ರೋಗಿಗಳಲ್ಲಿ ಶುಗರ್ ಹತೋಟಿಯಲ್ಲಿರುವುದು ಹೆಚ್ಚು ಕಂಡುಬಂತು, ಮತ್ತು ಆ ಭೇಟಿಗಳು ಬೇರೆಯವಕ್ಕಿಂತ ದೀರ್ಘವಾಗಿರಲಿಲ್ಲ. ಅಲ್ಲಿಯ ಇಪ್ಪತ್ತು ನಿಮಿಷ ಇಲ್ಲಿಯ ಎರಡು ನಿಮಿಷಕ್ಕೆ ಸಮ ಅಲ್ಲ, ಒಪ್ಪುತ್ತೇನೆ. ಹಾಗಾದರೆ ಎಲ್ಲರಿಗೂ ಬೇಡ. ಹೊಸ ಮಾತ್ರೆ ಶುರುಮಾಡುವಾಗ, ಇನ್ಸುಲಿನ್ ಕೊಡುವಾಗ, ಆರು ತಿಂಗಳ ಟಿಬಿ ಚಿಕಿತ್ಸೆಗೆ ಕೂರಿಸುವಾಗ, ಸಹಿ ತೆಗೆದುಕೊಳ್ಳುವಾಗ ಸಾಕು. ಊಟವಾದ ಮೇಲೆ ದಿನಕ್ಕೆ ಮೂರು ಸಲ ಎಂದು ಬರೆದುಕೊಟ್ಟ ಮಾತ್ರೆಯನ್ನು, ದಿನಕ್ಕೆ ಎರಡೇ ಹೊತ್ತು ಉಣ್ಣುವ ಕೂಲಿಯವನು ಎರಡೇ ಸಲ ನುಂಗಿ ಮುಂದಿನ ತಿಂಗಳು ಮತ್ತೆ ನಿಮ್ಮ ಎದುರೇ ಬಂದು ಕೂರುತ್ತಾನಲ್ಲ, ಆ ಸಮಯ ಯಾರ ಲೆಕ್ಕಕ್ಕೆ?

ಎರಡನೆಯ ಆಕ್ಷೇಪ ಸೂಕ್ಷ್ಮವಾದದ್ದು. ‘ರೋಗಿಯೇ ನಿರ್ಧರಿಸಬೇಕು ಎಂಬುದೆಲ್ಲ ಪಶ್ಚಿಮದ ಮಾತು. ನಮ್ಮವರು ನೀವೇ ದೇವರು, ನೀವು ಹೇಳಿದಂಗೆ ಅನ್ನುತ್ತಾರೆ. ಮನೆಯವರು ಕ್ಯಾನ್ಸರ್ ಅಂತ ಅಪ್ಪನಿಗೆ ಹೇಳಬೇಡಿ ಎಂದು ಕೈ ಮುಗಿಯುತ್ತಾರೆ. ಅವರ ಸಂಸ್ಕೃತಿ ಗೌರವಿಸಿ ಎಂದು ನೀವೇ ಹೇಳುತ್ತಿಲ್ಲವೇ?’ ಇದರಲ್ಲಿ ನಿಜವಿದೆ. ಮೇಲೆ ಹೇಳಿದ 2008ರ ತೀರ್ಪಿನಲ್ಲೂ ನ್ಯಾಯಾಲಯ ಅಮೆರಿಕದ ಅಳತೆಯನ್ನು ಹಾಗೇ ಎತ್ತಿ ತರಲಿಲ್ಲ, ನಮ್ಮ ದೇಶದ ಬಡತನ, ಅನಕ್ಷರತೆಗಳನ್ನು ನೋಡಿ ‘ನೈಜ ಒಪ್ಪಿಗೆ’ ಎಂಬ ತಕ್ಕ ಅಳತೆಯನ್ನು ಇಟ್ಟಿತು. ಕುಟುಂಬದ ಜೊತೆ ಕೂತು ನಿರ್ಧರಿಸುವುದು ಕೆಟ್ಟದ್ದಲ್ಲ. ಅನೇಕ ಹಿರಿಯರಿಗೆ ಅದೇ ನೆಮ್ಮದಿ. ಆದರೆ ‘ಅವರ ಸಂಸ್ಕೃತಿ’ ಎಂದು ಹೇಳಿದವರು ಯಾರು? ಮನೆಯಲ್ಲಿ ಮಾತು ನಡೆಯುವ ಮಗ, ಗಂಡ, ಮಾವ. ಸಂಸ್ಕೃತಿಯ ವಕ್ತಾರರಾಗಿ ಹಾಸಿಗೆಯಲ್ಲಿ ಮಲಗಿದವರು ಬರುವುದೇ ಅಪರೂಪ. ದಾರಿ ಇಷ್ಟು ಸರಳ: ‘ಯಜಮಾನ್ರೇ, ನಿಮ್ಮ ಕಾಯಿಲೆ ವಿಷಯ ನಿಮಗೇ ಹೇಳಲಾ, ಮಗನ ಹತ್ರ ಮಾತಾಡಲಾ?’ ಮಗನ ಹತ್ತಿರವೇ ಮಾತಾಡಿ ಎಂದು ಅವರೇ ಅಂದರೆ ಅದು ಅವರ ನಿರ್ಧಾರ, ಗೌರವಿಸಿ. ಕೇಳದೆಯೇ ಹಾಗೆಂದು ಊಹಿಸಿಕೊಂಡರೆ ಅದು ನಿಮ್ಮ ಅನುಕೂಲ.

ಮೂರನೆಯದು: ‘ಹಾಗಾದರೆ ಮಗುವಿನ ಹೊಟ್ಟೆಗೆ ಬರೆ ಹಾಕಿಕೊಂಡು ಬಂದವರನ್ನೂ ಗೌರವಿಸೋಣವೇ?’ ಬರೆಯನ್ನಲ್ಲ. ಬರೆ ಹಾಕುವುದು ತಪ್ಪು, ಅದನ್ನು ತಪ್ಪು ಎಂದೇ ಹೇಳಬೇಕು. ಆದರೆ ಬೈಸಿಕೊಂಡ ತಾಯಿ ಮುಂದಿನ ಸಲ ಬರೆ ಹಾಕುವುದನ್ನು ಬಿಡುತ್ತಾಳೋ, ಆಸ್ಪತ್ರೆಗೆ ಬರುವುದನ್ನು ಬಿಡುತ್ತಾಳೋ? ಈ ಪ್ರಶ್ನೆಗೆ ಪಶ್ಚಿಮ ಆಫ್ರಿಕಾ 2014ರಲ್ಲಿ ಬಹಳ ದುಬಾರಿ ಉತ್ತರ ಕೊಟ್ಟಿತು. ಎಬೋಲಾದಿಂದ ಸತ್ತವರ ದೇಹ ಮುಟ್ಟಿದರೆ ಸೋಂಕು ತಗಲುತ್ತದೆ, ಅಲ್ಲಿಯ ಜನ ದೇಹ ತೊಳೆದು ಮುಟ್ಟಿ ಬೀಳ್ಕೊಡುವವರು. ಆರಂಭದ ಪ್ರಚಾರ ‘ಇದಕ್ಕೆ ಔಷಧಿಯಿಲ್ಲ’ ಎಂದು ಸಾರಿತು. ಔಷಧಿ ಇಲ್ಲದ ಮೇಲೆ ಆಸ್ಪತ್ರೆ ಯಾಕೆ ಎಂದು ಜನ ಮನೆಯಲ್ಲೇ ಉಳಿದರು. ವೈಜ್ಞಾನಿಕವಾಗಿ ತಪ್ಪಿಲ್ಲದ ವಾಕ್ಯ, ಕೇಳಿದವರ ಮನೆಯಲ್ಲಿ ಅದರ ಅರ್ಥವೇ ತಿರುಗಿತು. ಬಿಳಿ ದಿರಿಸಿನವರು ಬಂದು ದೇಹಗಳನ್ನು ಚೀಲದಲ್ಲಿ ಹಾಕಿ ಒಯ್ದರು. ಲೈಬೀರಿಯಾದ ರಾಜಧಾನಿಯಲ್ಲಿ ಸುಡುವುದೇ ಕಡ್ಡಾಯವಾದಾಗ ಹೂಳುವ ಪದ್ಧತಿಯ ಜನ ದೇಹಗಳನ್ನು ಬಚ್ಚಿಟ್ಟು ರಾತ್ರಿ ಹೂಳತೊಡಗಿದರು. ಸೆಪ್ಟೆಂಬರಿನಲ್ಲಿ ಗಿನಿಯ ವೊಮೆ ಎಂಬ ಊರಿನಲ್ಲಿ ತಿಳಿವಳಿಕೆ ಹೇಳಲು ಹೋದ ತಂಡದ ಎಂಟು ಜನರ ಕೊಲೆಯೇ ನಡೆಯಿತು. ಮಾನವಶಾಸ್ತ್ರಜ್ಞರು, ಇಮಾಮರು, ಪಾದ್ರಿಗಳು ಕೂತು ಚರ್ಚಿಸಿದ ಮೇಲೆ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತವೂ ಗೌರವಯುತವೂ ಆದ ಶವಸಂಸ್ಕಾರದ ಕ್ರಮ ಹೊರಡಿಸಿತು. ಮನೆಯವರು ದೂರ ನಿಂತು ನೋಡಬಹುದು, ಪ್ರಾರ್ಥಿಸಬಹುದು, ನೀರಿನಿಂದ ತೊಳೆಯುವ ಬದಲು ನೀರಿಲ್ಲದ ಶುದ್ಧಿ ಮಾಡಬಹುದು, ಹೆಸರು ಬರೆದ ಗೋರಿ ಇರಬೇಕು. ದೇಹ ಮುಟ್ಟಬಾರದು ಎಂಬ ನಿಯಮ ಮೊದಲಿನಷ್ಟೇ ಬಿಗಿಯಾಗಿತ್ತು. ಆ ಸಾಂಕ್ರಾಮಿಕ ಮುಗಿಯುವ ಹೊತ್ತಿಗೆ ಸತ್ತವರು 11,000ಕ್ಕೂ ಹೆಚ್ಚು. ಮೊದಲೇ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಲೆಕ್ಕ ಹಾಕುವುದು ಕಷ್ಟ, ಆದರೆ ಬದಲಾಯಿಸಬೇಕಾದದ್ದು ಎಷ್ಟು ಕಡಿಮೆ ಇತ್ತು ಎಂದು ನೋಡಿದರೆ ಸಂಕಟವಾಗುತ್ತದೆ. ಬರೆ ಹಾಕಿದ ತಾಯಿಯನ್ನೂ ಮೊದಲು ಕೇಳಿ: ಏನಾಗಿದೆ ಅಂತ ಹಾಕಿಸಿದಿರಿ? ಅವಳು ಕಂಡದ್ದು ಹೊಟ್ಟೆ ಉಬ್ಬರವೋ ಕಾಮಾಲೆಯೋ, ಆ ಕಂಡದ್ದು ನಿಜ. ಔಷಧಿ ತಪ್ಪು.

ಮಾತಿನ ವಿಚಾರದಲ್ಲಿ ಇನ್ನೊಂದೇ ಒಂದು. ಇಪ್ಪತ್ತಮೂರು ವರ್ಷದ ನೀವು ಅರವತ್ತು ದಾಟಿದ ಹೆಂಗಸನ್ನು ‘ಬಾ ಇಲ್ಲಿ, ಬಾಯಿ ತೆಗಿ’ ಅನ್ನುವುದು, ಅವಳ ಹಿಂದೆಯೇ ಬಂದ ಇಸ್ತ್ರಿ ಅಂಗಿಯವರನ್ನು ‘ಕೂತ್ಕೊಳ್ಳಿ ಸಾರ್’ ಅನ್ನುವುದು ಇಡೀ ವಾರ್ಡಿಗೆ ಕೇಳಿಸುತ್ತದೆ. ಉತ್ತರದಲ್ಲಿ ‘ಯವ್ವಾ, ಏನಾಗೈತಿ ನಿನಗ’ ಎಂಬ ಏಕವಚನದಲ್ಲಿ ಮಗನ ಸಲಿಗೆ ಇರುತ್ತದೆ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಯಾವುದು ಸಲಿಗೆ, ಯಾವುದು ತಾತ್ಸಾರ ಎಂದು ಕೇಳುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ತಾತ್ಸಾರ ಕೇಳಿಸಿಕೊಂಡ ಬಾಯಿಂದ ಹ್ಞೂಂ ಬಿಟ್ಟು ಬೇರೇನೂ ಬರುವುದಿಲ್ಲ.

ಹಾಗಾದರೆ ‘ಅರ್ಥ ಆಯ್ತಾ?’ ಬಿಟ್ಟು ಏನು ಕೇಳಬೇಕು? ‘ನಾನು ಹೇಳಿದ್ದನ್ನು ಮತ್ತೆ ಹೇಳಿ’ ಎಂದರೆ ಅದು ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗಾಗುತ್ತದೆ, ಜನ ನಾಚುತ್ತಾರೆ. ಬದಲಿಗೆ, ‘ಮನೆಗೆ ಹೋದ ಕೂಡಲೇ ಅತ್ತೆ ಡಾಕ್ಟ್ರು ಏನಂದ್ರು ಅಂತ ಕೇಳ್ತಾರಲ್ಲ, ಏನು ಹೇಳ್ತೀರಿ?’ ಎಂದು ಕೇಳಿ. ಪರೀಕ್ಷೆ ನಿಮ್ಮದು, ಅವರದಲ್ಲ. ಉತ್ತರ ತಪ್ಪಾದರೆ ನಿಮ್ಮ ಮಾತು ಸೋತಿದೆ, ಬೇರೆ ಮಾತಿನಲ್ಲಿ ಹೇಳಿ. ಒಪ್ಪಿಗೆ ಪತ್ರದ ಬಗ್ಗೆ ಒಂದು ಕೋರಿಕೆ ಇದೆ, ಇದಕ್ಕೆ ಆದೇಶ ಬೇಕಿಲ್ಲ, ಪೆನ್ನು ಸಾಕು. ಅಚ್ಚಾದ ಸಾಲಿನ ಕೆಳಗೆ ಸ್ವಲ್ಪ ಜಾಗ ಇದ್ದೇ ಇರುತ್ತದೆ. ಹೆಬ್ಬೆಟ್ಟು ಒತ್ತಿಸುವ ಮೊದಲು, ಆಕೆ ಅತ್ತೆಗೆ ಹೇಳುವುದಾಗಿ ನಿಮಗೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಅಲ್ಲಿ ಬರೆಯಿರಿ: ‘ಪಿತ್ತದ ಚೀಲದಾಗ ಹಳ್ಳು ಆಗ್ಯಾವಂತ. ಚೀಲಾನೇ ತಗೀತಾರಂತ. ಮತ್ತು ಬರೋ ಇಂಜೆಕ್ಷನ್ ಕೊಡ್ತಾರ. ಈಗ ಬ್ಯಾಡಂದ್ರ ಬಿಟ್ಟು ಹೋಗಬಹುದು, ಖರೆ ಮತ್ತ ಬ್ಯಾನಿ ಬರತೈತಿ ಅಂದಾರ.’

ಇತಿ,
ನಿಮ್ಮ ಓಪಿಡಿಯ ಸಾಲಿನಲ್ಲಿ ಎಂದಾದರೂ ನಿಲ್ಲಲಿರುವ ಒಬ್ಬ ಕನ್ನಡಿಗ